ನಿವೃತ್ತ ಕಾರ್ಮಿಕನಿಗೆ ಯಾವ ಆಸ್ಪತ್ರೆ?

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೊರಟವರು ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರಗಳನ್ನು ದಾಟಿದರೆ ಚಂದಾಪುರ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಆನೇಕಲ್. ಬೆಳಿಗ್ಗೆ ಆರರ ಹೊತ್ತಿಗೆ ಈ ವೃತ್ತದಲ್ಲಿ ನಿಂತರೆ ಕಾರ್ಖಾನೆಗಳ ಬಸ್ಸು, ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟೆಂಪೋ, ಪಾಳಿ ಮುಗಿಸಿ ಬರುವವರ ಬೈಕುಗಳ ನಡುವೆ ರಸ್ತೆ ದಾಟುವುದೇ ಒಂದು ಸಾಹಸ. ಈ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದವರೆಂದರೆ ನಿವೃತ್ತರು. ಮೂವತ್ತು ವರ್ಷ ಇದೇ ಬಸ್ಸುಗಳಲ್ಲಿ ಓಡಾಡಿದವರು ಈಗ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಬಸ್ಸುಗಳನ್ನು ನೋಡುತ್ತಿರುತ್ತಾರೆ.

ಅಂಥ ಇಬ್ಬರು ಗೆಳೆಯರ ಪರಿಚಯ ನಮಗಿದೆ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದವರು. ಒಬ್ಬರು ಸ್ಟೋರ್ಸ್ ವಿಭಾಗದಲ್ಲಿ ಹೆಲ್ಪರ್ ಆಗಿದ್ದವರು. ಇನ್ನೊಬ್ಬರು ಫಿಟ್ಟರ್, ಕಾರ್ಮಿಕ ಸಂಘದ ಖಜಾಂಚಿಯೂ ಆಗಿದ್ದವರು. ಹೆಲ್ಪರ್ ಸಾಬರ ಜೇಬಿನಲ್ಲಿ ಇ.ಎಸ್.ಐ. ಕಾರ್ಡು ಇದೆ. ಅದಕ್ಕಾಗಿ ಅವರು ಕಟ್ಟುವುದು ವರ್ಷಕ್ಕೆ 120 ರೂಪಾಯಿ. ಅದರಲ್ಲಿ ಅವರಿಗೂ ಅವರ ಪತ್ನಿಗೂ ಚಿಕಿತ್ಸೆ. ಫಿಟ್ಟರ್ ಬಳಿ ಖಾಸಗಿ ವಿಮೆಯ ಪಾಲಿಸಿ ಇದೆ. ಅದರ ನವೀಕರಣದ ಕಾಗದ ಬಂದ ತಿಂಗಳು ಅವರು ಚಹಾ ಅಂಗಡಿಗೂ ಬರುವುದಿಲ್ಲ. ಒಮ್ಮೆ ಸಾಬರು, "ಅಣ್ಣಾ, ಈ ಸಲ ಕಟ್ಟಿದ್ಯಾ?" ಎಂದು ಕೇಳಿದರು. "ಕಟ್ದೆ ಮಾರಾಯಾ, ಮಗಳ ಹತ್ರ ಸಾಲ ಮಾಡಿ ಕಟ್ದೆ" ಎಂದರು ಫಿಟ್ಟರ್. ಅವರ ಇಡೀ ವರ್ಷದ ಪಿಂಚಣಿಯನ್ನು ಕೂಡಿಟ್ಟರೂ ಗಂಡ-ಹೆಂಡತಿಯ ಕಂತಿಗೆ ಸಾಲುತ್ತಿರಲಿಲ್ಲ.

ಹೆಚ್ಚು ಕಲಿತವನು, ಹೆಚ್ಚು ಸಂಬಳ ಪಡೆದವನು, ಸಂಘ ಕಟ್ಟಿ ಎಲ್ಲರ ಸಂಬಳ ಏರಿಸಿದವನು ಇಂದು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರುತ್ತಿದ್ದಾನೆ. ಅವನ ಕೈಕೆಳಗಿದ್ದವನಿಗೆ ಆ ಭಯ ಇಲ್ಲ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ನಾವು ಸುಮಾರು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅದಾರ್ಕರ್ ಕಂಡ ಕಾರ್ಮಿಕ

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಅಂದಿನ ಭಾರತ ಸರಕಾರ ಪ್ರೊ. ಬಿ.ಪಿ. ಅದಾರ್ಕರ್ ಅವರಿಗೆ ಒಂದು ಹೊಣೆ ವಹಿಸಿತು. ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆಯ ಯೋಜನೆಯೊಂದನ್ನು ರೂಪಿಸುವುದು ಆ ಹೊಣೆ. ಆಗ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆ ಇದ್ದುದು ಡಾ. ಬಿ.ಆರ್. ಅಂಬೇಡ್ಕರ್ ಅವರ ಕೈಯಲ್ಲಿ. ಅದಾರ್ಕರ್ 1944ರಲ್ಲಿ ವರದಿ ಕೊಟ್ಟರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಏಪ್ರಿಲ್‌ನಲ್ಲಿ, ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಜಾರಿಗೆ ಬಂತು. ನಾವು ಇ.ಎಸ್.ಐ. ಎನ್ನುವುದು ಇದನ್ನೇ. ಸಂವಿಧಾನವೇ ಇನ್ನೂ ಸಿದ್ಧವಾಗಿರದ ಕಾಲದಲ್ಲಿ ಇಂಥದೊಂದು ಕಾಯ್ದೆ ಬಂತೆಂಬುದನ್ನು ಇಂದಿನ ತಲೆಮಾರು ಮರೆತಿದೆ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಅದೇ ದಿನ ದೆಹಲಿಯಲ್ಲೂ ಅದು ಆರಂಭವಾಯಿತು. ಬೆಂಗಳೂರಿಗೆ ಬಂದುದು 1958ರಲ್ಲಿ.

ಈ ವಿಮೆಯ ಒಳಗಿನ ಲೆಕ್ಕ ಸರಳ. ಎಲ್ಲರೂ ತಮ್ಮ ಸಂಬಳದ ಒಂದು ಪಾಲನ್ನು ಹಾಕುತ್ತಾರೆ, ಮಾಲೀಕರು ಅದಕ್ಕಿಂತ ದೊಡ್ಡ ಪಾಲನ್ನು ಹಾಕುತ್ತಾರೆ. ಕಾಯಿಲೆ ಬಿದ್ದವನು ತಾನು ಹಾಕಿದಷ್ಟನ್ನಲ್ಲ, ತನಗೆ ಬೇಕಾದಷ್ಟನ್ನು ಪಡೆಯುತ್ತಾನೆ. ಕಡಿಮೆ ಸಂಬಳದವನಿಗೂ ಹೆಚ್ಚು ಸಂಬಳದವನಿಗೂ ಒಂದೇ ಔಷಧ, ಒಂದೇ ಮಂಚ. ಇಪ್ಪತ್ತರ ಹರೆಯದವನ ವಂತಿಗೆ ಐವತ್ತೈದರವನ ಹೃದಯಕ್ಕೆ ಸಲ್ಲುತ್ತದೆ. ಮಾರುಕಟ್ಟೆಯ ವಿಮೆ ಇದಕ್ಕೆ ತದ್ವಿರುದ್ಧ. ಅಲ್ಲಿ ವಯಸ್ಸಾದಂತೆ ಕಂತು ಏರುತ್ತದೆ, ಅಂದರೆ ಅಗತ್ಯ ಹೆಚ್ಚಿದಂತೆ ಬಾಗಿಲು ಕಿರಿದಾಗುತ್ತದೆ.

ಆದರೆ ಅದಾರ್ಕರ್ ಅವರ ಕಣ್ಣ ಮುಂದಿದ್ದುದು ದುಡಿಯುತ್ತಿರುವ ದೇಹ. ಅವನು ಕಾಯಿಲೆ ಬಿದ್ದರೆ ಮಗ್ಗ ನಿಲ್ಲುತ್ತದೆ, ಮನೆಯ ಒಲೆ ಆರುತ್ತದೆ ಎಂಬುದು ಅಂದಿನ ಚಿಂತೆ. ದುಡಿತ ಮುಗಿಸಿದವನ ಮಾತು ಕಾಯ್ದೆಯಲ್ಲಿರಲಿಲ್ಲ. ಇದಕ್ಕಾಗಿ ಅವರನ್ನು ದೂರುವಂತಿಲ್ಲ. 1941ರಿಂದ 1951ರ ದಶಕದಲ್ಲಿ ಭಾರತೀಯನ ಸರಾಸರಿ ಆಯಸ್ಸು ಸುಮಾರು 32 ವರ್ಷ. ನಿವೃತ್ತಿಯ ನಂತರ ಇಪ್ಪತ್ತು ವರ್ಷ ಬದುಕಿ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಿನವೂ ಮಾತ್ರೆ ನುಂಗುವ ಕಾರ್ಮಿಕನನ್ನು ಆಗ ಯಾರು ಊಹಿಸಿದ್ದರು?

ಆ ಮಾತು ಕಾಯ್ದೆಗೆ ಸೇರಲು ನಾಲ್ಕು ದಶಕ ಬೇಕಾಯಿತು. 1989ರ ತಿದ್ದುಪಡಿಯಲ್ಲಿ ನಿವೃತ್ತ ಕಾರ್ಮಿಕ ಮತ್ತು ಅವನ ಸಂಗಾತಿಗೆ ವೈದ್ಯಕೀಯ ಸೌಲಭ್ಯ ಕೊಡುವ ಅವಕಾಶ ಬಂತು. ನಿಯಮದಲ್ಲಿ ಬರೆದ ದರ ತಿಂಗಳಿಗೆ 10 ರೂಪಾಯಿ, ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ನಮ್ಮ ಹೆಲ್ಪರ್ ಸಾಬರ 120 ರೂಪಾಯಿ ಇದೇ. ಆಸ್ಪತ್ರೆಯ ಖರ್ಚು ಎಲ್ಲಿಂದೆಲ್ಲಿಗೆ ಹೋದರೂ ಆ ಹತ್ತು ರೂಪಾಯಿ ಕದಲಿಲ್ಲ. 2010ರಲ್ಲಿ ಸ್ವಯಂ ನಿವೃತ್ತಿ ಪಡೆದವರಿಗೂ ಇದು ವಿಸ್ತರಣೆಯಾಯಿತು. ಆದರೆ ಇದಕ್ಕೆ ಎರಡು ಷರತ್ತುಗಳಿದ್ದವು: ಕನಿಷ್ಠ ಐದು ವರ್ಷ ವಿಮೆಯೊಳಗಿದ್ದಿರಬೇಕು, ಮತ್ತು ವಿಮೆಯೊಳಗಿರುವಾಗಲೇ ನಿವೃತ್ತನಾಗಬೇಕು. ಓದುವಾಗ ಸಹಜವೆನಿಸುವ ಈ ಎರಡನೆಯ ಷರತ್ತೇ ಫಿಟ್ಟರ್‌ನನ್ನು ಹೊರಗಿಟ್ಟಿತು.

ಏರಿದ ಸಂಬಳ, ಮುಚ್ಚಿದ ಬಾಗಿಲು

ಇ.ಎಸ್.ಐ.ಗೆ ಒಂದು ವೇತನ ಮಿತಿಯಿದೆ. ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವನು ವಿಮೆಯಿಂದ ಹೊರಗೆ. ಆರಂಭದಲ್ಲಿ ಆ ಮಿತಿ ತಿಂಗಳಿಗೆ 400 ರೂಪಾಯಿ. 1966ರಲ್ಲಿ 500, 1975ರಲ್ಲಿ 1,000, 1985ರಲ್ಲಿ 1,600, 1992ರಲ್ಲಿ 3,000, 1997ರಲ್ಲಿ 6,500, 2004ರಲ್ಲಿ 7,500, 2006ರಲ್ಲಿ 10,000, 2010ರಲ್ಲಿ 15,000, 2017ರಲ್ಲಿ 21,000. ಈ ಅಂಕಿಗಳ ನಡುವಿನ ಅಂತರಗಳನ್ನು ಓದುಗರು ಗಮನಿಸಬೇಕು. ಮಿತಿ ಏರುವುದು ಐದು, ಏಳು, ಒಂಬತ್ತು ವರ್ಷಗಳಿಗೊಮ್ಮೆ. ಸಂಘವಿರುವ ಕಾರ್ಖಾನೆಯಲ್ಲಿ ವೇತನ ಒಪ್ಪಂದ ಆಗುವುದು ಮೂರು-ನಾಲ್ಕು ವರ್ಷಕ್ಕೊಮ್ಮೆ. ತುಟ್ಟಿಭತ್ಯೆ ಏರುವುದು ಅದಕ್ಕಿಂತ ಬೇಗ. ಹೀಗಾಗಿ ಸಂಘ ಬಲವಾಗಿದ್ದಷ್ಟೂ ಅದರ ಸದಸ್ಯರು ಇ.ಎಸ್.ಐ.ಯಿಂದ ಬೇಗ ಹೊರಬೀಳುತ್ತಿದ್ದರು.

ನಮ್ಮ ಫಿಟ್ಟರ್ 1983ರಲ್ಲಿ ಕೆಲಸಕ್ಕೆ ಸೇರಿದವರು. ಮೊದಲ ಹದಿನಾರು ವರ್ಷಗಳಲ್ಲಿ ಎರಡು ಬಾರಿ ಮಿತಿ ದಾಟಿ ಹೊರಗೆ ಹೋದರು, ಮಿತಿ ಏರಿದಾಗ ಮತ್ತೆ ಒಳಗೆ ಬಂದರು. 1999ರ ಒಪ್ಪಂದದಲ್ಲಿ ಸಂಬಳ 6,500 ದಾಟಿತು. ಆ ಒಪ್ಪಂದಕ್ಕಾಗಿ ಅವರ ಸಂಘ ಎರಡು ತಿಂಗಳು ಗೇಟಿನ ಮುಂದೆ ಕುಳಿತಿತ್ತು. ಗೆದ್ದ ದಿನ ಚಂದಾಪುರದ ಬೇಕರಿಯಿಂದ ಸಿಹಿ ತರಿಸಿ ಹಂಚಿದರಂತೆ. ವಂತಿಗೆಯ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ತನಕ, ಸಂಬಳದಲ್ಲಿ ಇ.ಎಸ್.ಐ. ಕಡಿತ ನಡೆಯಿತು. ಅಕ್ಟೋಬರ್‌ನಲ್ಲಿ ನಿಂತಿತು. "ಅಷ್ಟು ದುಡ್ಡು ಉಳೀತಲ್ಲ ಅಂತ ಖುಷಿಪಟ್ವಿ" ಎಂದು ಅವರೇ ನಮ್ಮೆದುರು ನಕ್ಕರು.

ಆ ಖುಷಿಗೆ ಕಾರಣವೂ ಇತ್ತು. ಇ.ಎಸ್.ಐ. ಬಗ್ಗೆ ಈ ಭಾಗದ ಕಾರ್ಮಿಕರಿಗೆ ಒಳ್ಳೆಯ ಮಾತಿರಲಿಲ್ಲ. ಔಷಧಾಲಯದಲ್ಲಿ ಸರತಿ, ಸಿಗದ ಔಷಧ, ಒಂದು ಸಹಿಗಾಗಿ ಅರ್ಧ ದಿನದ ರಜೆ. ದೊಡ್ಡ ಕಾಯಿಲೆಯಾದರೆ ನಗರದ ಆ ತುದಿಯಲ್ಲಿರುವ ರಾಜಾಜಿನಗರಕ್ಕೆ ಹೋಗಬೇಕು. ಇಂದಿರಾನಗರದಲ್ಲೂ ಪೀಣ್ಯದಲ್ಲೂ ಇ.ಎಸ್.ಐ. ಆಸ್ಪತ್ರೆಗಳಿವೆ, ಆನೇಕಲ್ ತಾಲೂಕಿನ ಕಾರ್ಖಾನೆಗಳು ಬೆಳೆದಷ್ಟು ಇಲ್ಲಿನ ಆಸ್ಪತ್ರೆ ಬೆಳೆಯಲಿಲ್ಲ. ಕೊನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು 1978ರಲ್ಲಿ. ಆ ಬಳಿಕ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದವು. ಹೊಲಗಳು ಹೋದವು, ಕೆರೆಗಳು ಕೆಟ್ಟವು. ಚಂದಾಪುರ ಕೆರೆಯನ್ನು ಕಾಪಾಡಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ರಾಜ್ಯ ಸರಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದನ್ನು ಓದುಗರು ಮರೆತಿರಲಾರರು. ಅಂಥ ನೀರು, ಅಂಥ ಗಾಳಿಯ ನಡುವೆ ದುಡಿದವರಿಗೆ ಹತ್ತಿರದಲ್ಲೊಂದು ಕಾರ್ಮಿಕ ಆಸ್ಪತ್ರೆ ಬೇಕೆಂದು ಹೇಳಲು ತಜ್ಞರು ಬೇಕಿರಲಿಲ್ಲ.

ಆದ್ದರಿಂದ ಸಂಘಗಳು ಬೇರೆ ದಾರಿ ಹಿಡಿದವು. ಬೇಡಿಕೆ ಪಟ್ಟಿಯಲ್ಲಿ 'ಮೆಡಿಕ್ಲೇಮ್' ಎಂಬ ಹೊಸ ಪದ ಸೇರಿತು. ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡ ಮೇಲೆ ಉಳಿದ ನಾಲ್ಕು ಸರಕಾರಿ ಕಂಪೆನಿಗಳು 1986ರಲ್ಲಿ ಈ ಪಾಲಿಸಿಯನ್ನು ತಂದಿದ್ದವು. ಕಾರ್ಖಾನೆಯ ಆಡಳಿತ ಎಲ್ಲ ನೌಕರರ ಹೆಸರಿನಲ್ಲಿ ಒಂದು ಗುಂಪು ಪಾಲಿಸಿ ಮಾಡಿಸುತ್ತದೆ, ಕಂತನ್ನು ತಾನೇ ಕಟ್ಟುತ್ತದೆ, ಕಾರ್ಮಿಕ ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋಗುತ್ತಾನೆ. ಎಲ್ಲರಿಗೂ ಇದು ಹಿಡಿಸಿತು.

ಗುಂಪು ಪಾಲಿಸಿ ಆ ದಿನಗಳಲ್ಲಿ ಅಗ್ಗವಾಗಿತ್ತು. ಯಾಕೆ ಅಗ್ಗವಾಗಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಕಾರ್ಖಾನೆಯ ಬೆಂಕಿ ವಿಮೆಯ ದರವನ್ನು ಆಗ ನಿಗದಿ ಮಾಡಲಾಗಿತ್ತು. ಅದರಲ್ಲಿ ವಿಮಾ ಕಂಪೆನಿಗಳಿಗೆ ಒಳ್ಳೆಯ ಲಾಭವಿತ್ತು. ಆ ವ್ಯವಹಾರ ತಮಗೇ ಸಿಗಲಿ ಎಂದು ನೌಕರರ ಆರೋಗ್ಯ ವಿಮೆಯನ್ನು ಅವು ನಷ್ಟಕ್ಕಾದರೂ ಕೊಡುತ್ತಿದ್ದವು. ಅಂಗಡಿಯವನು ಅಕ್ಕಿ ಮೂಟೆ ಕೊಂಡವರಿಗೆ ಉಪ್ಪನ್ನು ಪುಕ್ಕಟೆ ಕೊಟ್ಟಂತೆ. 2007ರ ಜನವರಿಯಿಂದ ಬೆಂಕಿ ವಿಮೆಯ ನಿಗದಿತ ದರ ಹೋಯಿತು, ಪೈಪೋಟಿಯಲ್ಲಿ ಅದರ ಲಾಭ ಕರಗಿತು. ಆಗ ಉಪ್ಪಿಗೂ ಬೆಲೆ ಬಂತು. ಆಡಳಿತ ಮಂಡಳಿಗಳು ಪಾಲಿಸಿಯಿಂದ ತಂದೆ-ತಾಯಿಯರನ್ನು ಕೈಬಿಟ್ಟವು, ಮೊತ್ತಕ್ಕೆ ಮಿತಿ ಹಾಕಿದವು, ಬಿಲ್ಲಿನ ಒಂದು ಭಾಗವನ್ನು ನೌಕರನೇ ಭರಿಸಬೇಕೆಂದವು.

ಇದೆಲ್ಲ ಕೆಲಸದಲ್ಲಿರುವವರ ಮಾತು. ಗುಂಪು ಪಾಲಿಸಿ ನೌಕರಿಗೆ ಅಂಟಿಕೊಂಡದ್ದು. ನೌಕರಿ ಹೋದ ದಿನ ಅದೂ ಹೋಗುತ್ತದೆ. ನಮ್ಮ ಫಿಟ್ಟರ್ 2016ರ ಮಾರ್ಚ್ 31ರಂದು ಹಾರ ಹಾಕಿಸಿಕೊಂಡು, ಗೋಡೆ ಗಡಿಯಾರ ಒಂದನ್ನು ಕೈಯಲ್ಲಿ ಹಿಡಿದು ಗೇಟಿನಿಂದ ಹೊರಬಂದರು. ಏಪ್ರಿಲ್ 1ರಂದು ಅವರಿಗೆ ಇ.ಎಸ್.ಐ. ಇರಲಿಲ್ಲ, ಗುಂಪು ಪಾಲಿಸಿಯೂ ಇರಲಿಲ್ಲ. 58ನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯ ಜೊತೆಗೆ, ಅವರು ಮೊದಲ ಬಾರಿಗೆ ವಿಮೆಯ ಮಾರುಕಟ್ಟೆಗೆ ಕಾಲಿಟ್ಟರು. ಅದಕ್ಕಿಂತ ಕೆಟ್ಟ ಹೊತ್ತನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಸಂಘಗಳು ಈ ಕಂದಕವನ್ನು ಕಾಣಲಿಲ್ಲ. ಸಂಬಳ, ಬೋನಸ್, ಕ್ಯಾಂಟೀನ್ ಊಟ, ಬಸ್ಸು ಇವುಗಳ ಬಗ್ಗೆ ಒಂದು ರೂಪಾಯಿಯನ್ನೂ ಬಿಡದೆ ವಾದಿಸಿದ ನಾಯಕರು ನಿವೃತ್ತಿಯ ನಂತರದ ಆಸ್ಪತ್ರೆಯ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲು ಬರೆಸಲಿಲ್ಲ. ನಿವೃತ್ತನಿಗೆ ಸಂಘದ ಚುನಾವಣೆಯಲ್ಲಿ ಮತವಿಲ್ಲ ಎಂಬುದು ಅದಕ್ಕೊಂದು ಕಾರಣವಿರಬಹುದು. "ನಾವೂ ಮುದುಕರಾಗ್ತೀವಿ ಅಂತ ಯಾರಿಗೆ ಗೊತ್ತಿತ್ತು" ಎಂಬ ಫಿಟ್ಟರ್ ಮಾತು ಇನ್ನೊಂದು ಕಾರಣ.

ಸ್ವಂತ ಆಸ್ಪತ್ರೆಗಳು, ಗುಂಪು ಪಾಲಿಸಿಗಳು

ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರ ಕಥೆ ಬೇರೆ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ.ಯಂಥ ಕಾರ್ಖಾನೆಗಳು ಕಾಲೊನಿ, ಶಾಲೆಗಳ ಜೊತೆಗೆ ಸ್ವಂತ ಆಸ್ಪತ್ರೆಗಳನ್ನೂ ಕಟ್ಟಿಕೊಂಡಿದ್ದವು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು 77 ದಿನ ಮುಷ್ಕರ ಹೂಡಿದ ನಗರ ಇದು. ಆ ತಲೆಮಾರಿನ ಬಲದಿಂದ ಬಂದ ಸೌಲಭ್ಯಗಳಲ್ಲಿ ಕೆಲವು ನಿವೃತ್ತಿಯ ನಂತರವೂ ಉಳಿದವು. ಕೇಂದ್ರ ಸರಕಾರದ 2008ರ ಆದೇಶದಲ್ಲಿ ನಿವೃತ್ತಿಯ ನಂತರದ ವೈದ್ಯಕೀಯ ಸೌಲಭ್ಯವನ್ನೂ ಸೇರಿಸಿ ಉದ್ದಿಮೆಗಳು ಮೂಲವೇತನ ಹಾಗೂ ತುಟ್ಟಿಭತ್ಯೆಯ ಶೇ. 30ರವರೆಗೆ ನಿವೃತ್ತಿ ಸೌಲಭ್ಯಗಳಿಗೆ ಇಡಬಹುದೆಂದಾಯಿತು. ಆದರೆ ಇಂಥ ವ್ಯವಸ್ಥೆಯ ಆಯಸ್ಸು ಉದ್ದಿಮೆಯ ಆಯಸ್ಸಿನಷ್ಟೇ. ಎಚ್.ಎಂ.ಟಿ. ವಾಚ್ ಕಂಪೆನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿತು. ಅದಕ್ಕಿಂತ ಮೊದಲೇ, 2001ರ ಫೆಬ್ರವರಿ ಕೊನೆಗೆ, ಕೋಲಾರದ ಚಿನ್ನದ ಗಣಿ ನಿಂತಿತ್ತು. ಒಂದು ಕಾಲಕ್ಕೆ ಸುತ್ತಲ ಜಿಲ್ಲೆಗಳಲ್ಲೇ ಹೆಸರಾಗಿದ್ದ ಗಣಿಯ ಆಸ್ಪತ್ರೆ ಅದರೊಂದಿಗೇ ಮುಚ್ಚಿಹೋಯಿತು. ಶ್ವಾಸಕೋಶದಲ್ಲಿ ಕಲ್ಲಿನ ದೂಳು ತುಂಬಿಕೊಂಡ ಹಳೆಯ ಗಣಿ ಕಾರ್ಮಿಕರು ಮಾತ್ರ ಅಲ್ಲೇ ಉಳಿದರು. 2021ರಲ್ಲಿ ಕೊರೊನಾ ಕಾಲಕ್ಕೆ ಸ್ವಯಂಸೇವಕರು ಆ ಕಟ್ಟಡವನ್ನು ಗುಡಿಸಿ ತೊಳೆದು ಮತ್ತೆ ಮಂಚ ಹಾಕಬೇಕಾಯಿತು.

ಬಲಿಷ್ಠ ಸಂಘಗಳಿದ್ದೂ ಪೆಟ್ಟು ತಿಂದ ಇನ್ನೊಂದು ವರ್ಗ ಬ್ಯಾಂಕ್ ನಿವೃತ್ತರದು. ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಶನ್ ಬ್ಯಾಂಕುಗಳು ಹುಟ್ಟಿದ ಕರಾವಳಿಯಲ್ಲಿ ಈ ನಿವೃತ್ತರಿಲ್ಲದ ಊರೇ ಅಪರೂಪ. 2015ರ ಮೇ 25ರಂದು ಸಹಿಯಾದ ಹತ್ತನೆಯ ದ್ವಿಪಕ್ಷೀಯ ಒಪ್ಪಂದದ ನಂತರ ಅವರಿಗೂ ಗುಂಪು ವಿಮೆ ಬಂತು. ಸೇವೆಯಲ್ಲಿರುವವರ ಕಂತನ್ನು ಬ್ಯಾಂಕು ಕಟ್ಟುತ್ತದೆ, ನಿವೃತ್ತರು ತಾವೇ ಕಟ್ಟಿಕೊಳ್ಳಬೇಕು. ಮೊದಲ ವರ್ಷ ಅಧಿಕಾರಿಗಳ 4 ಲಕ್ಷದ ಪಾಲಿಸಿಗೆ ತೆರಿಗೆ ಸೇರಿ 7,493 ರೂಪಾಯಿ, ಗುಮಾಸ್ತರು ಮತ್ತು ಅಧೀನ ಸಿಬ್ಬಂದಿಯ 3 ಲಕ್ಷದ ಪಾಲಿಸಿಗೆ 5,620 ರೂಪಾಯಿ. ಕೆಲವೇ ವರ್ಷಗಳಲ್ಲಿ ಅದು ಹಲವು ಪಟ್ಟು ಏರಿತು. ಮನೆಯಲ್ಲೇ ಪಡೆಯುವ ಚಿಕಿತ್ಸೆ ಮತ್ತು ಔಷಧದ ಖರ್ಚನ್ನು ಬಿಟ್ಟುಕೊಟ್ಟರೆ ಕಡಿಮೆ ಕಂತು ಎಂಬ ಎರಡನೆಯ ಪಾಲಿಸಿ ಬಂತು. ವೃದ್ಧರಿಗೆ ದಿನವೂ ಬೇಕಾದುದು ಆ ಔಷಧವೇ ತಾನೆ! ಏರಿಕೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅರವತ್ತು ದಾಟಿದವರನ್ನು ಮಾತ್ರ ಒಂದೆಡೆ ಕೂಡಿಸಿ ಅವರ ಖರ್ಚನ್ನು ಅವರಲ್ಲೇ ಹಂಚಿದರೆ ಅದು ವಿಮೆ ಆಗುವುದಿಲ್ಲ, ಬಿಲ್ಲನ್ನು ಮುಂಗಡ ವಸೂಲಿ ಮಾಡಿದಂತಾಗುತ್ತದೆ. ಯುವಕರ ಕಂತು ಅದರಲ್ಲಿ ಬೆರೆತಾಗ ಮಾತ್ರ ಭಾರ ಹಗುರವಾಗುತ್ತದೆ. ಸಾಬರ 120 ರೂಪಾಯಿ ಸಾಧ್ಯವಾದುದು ಇಂದು ಬೆಳಿಗ್ಗೆ ಟೆಂಪೋದಲ್ಲಿ ಹೋದ ಗಾರ್ಮೆಂಟ್ಸ್ ಹುಡುಗಿಯರ ವಂತಿಗೆಯಿಂದ.

ಬ್ಯಾಂಕಿನವರಿಗೆ ಕೊನೆಗೆ ಬ್ಯಾಂಕಿನ ಪಿಂಚಣಿಯಾದರೂ ಇದೆ. ಕಾರ್ಖಾನೆಯವನಿಗೆ ಇರುವುದು 1995ರ ನವೆಂಬರ್‌ನಲ್ಲಿ ಆರಂಭವಾದ ಇ.ಪಿ.ಎಸ್. ಪಿಂಚಣಿ. ಅದರ ಸೂತ್ರ ಇಷ್ಟೇ: ಪಿಂಚಣಿಗೆ ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಕೈಗೆ ಎಷ್ಟೇ ಸಂಬಳ ಬರುತ್ತಿರಲಿ, 2014ರ ಆಗಸ್ಟ್‌ವರೆಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಸಿಗುತ್ತಿದ್ದುದು 6,500 ರೂಪಾಯಿ ಮಾತ್ರ. 2013ರಲ್ಲಿ ನಿವೃತ್ತನಾದವನ 18 ವರ್ಷದ ಸೇವೆಗೆ ಈ ಸೂತ್ರದಂತೆ ಬರುವುದು ತಿಂಗಳಿಗೆ 1,671 ರೂಪಾಯಿ. 1995ಕ್ಕಿಂತ ಹಿಂದಿನ ಸೇವೆಗೆ ಕೆಲವು ನೂರು ಸೇರಿಕೊಳ್ಳಬಹುದು. ಇದಕ್ಕೆ ತುಟ್ಟಿಭತ್ಯೆ ಇಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿದಾಗ ಅದನ್ನೂ ದೊಡ್ಡ ಸಾಧನೆಯೆಂದು ಹೇಳಿಕೊಳ್ಳಲಾಯಿತು. ಏರದ ಪಿಂಚಣಿ ಮತ್ತು ಏರುವ ಕಂತು ಎರಡೂ ಒಂದೇ ಮನೆಯಲ್ಲಿ ಬಾಳುವುದು ಹೇಗೆ?

ರಸ್ತೆಯಾಚೆಯ ಅರವತ್ತು ರೂಪಾಯಿ

ಚಂದಾಪುರದ ಈ ಕಥೆಗೆ ಇನ್ನೊಂದು ವಿಚಿತ್ರ ತಿರುವಿದೆ. ಬಡವರ ಅಗ್ಗದ ಆರೋಗ್ಯ ವಿಮೆಗೆ ದೇಶದಲ್ಲೇ ಹೆಸರಾದ ಪ್ರಯೋಗ ಬೆಳೆದುದು ಇಲ್ಲಿಗೆ ಕೂಗಳತೆಯ ದೂರದಲ್ಲಿ. ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರಾಜ್ಯದ ಸಹಕಾರ ಇಲಾಖೆ 2003ರಲ್ಲಿ ಯಶಸ್ವಿನಿ ಯೋಜನೆಯನ್ನು ಜಾರಿಗೆ ತಂದಿತು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ. 75 ವರ್ಷದವರೆಗೂ ಅವಕಾಶ. ಮೊದಲ ವರ್ಷವೇ ಹದಿನಾರು ಲಕ್ಷದಷ್ಟು ಜನ ಸೇರಿದರು. ಮುಂದೆ ವಂತಿಗೆಯನ್ನು 120ಕ್ಕೆ ಏರಿಸಿದಾಗ ಸದಸ್ಯರ ಸಂಖ್ಯೆ ಕುಸಿಯಿತು. ವರ್ಷಕ್ಕೆ ಅರವತ್ತು ರೂಪಾಯಿಯ ಏರಿಕೆಗೆ ಲಕ್ಷಾಂತರ ಜನ ದೂರ ಸರಿದರು ಎಂಬುದನ್ನು ಇಂದು ಸಾವಿರಗಳ ಲೆಕ್ಕದಲ್ಲಿ ಕಂತು ಏರಿಸುವವರು ಒಮ್ಮೆ ನೆನೆಯಬೇಕು.

ಕೈಗಾರಿಕಾ ಪ್ರದೇಶಕ್ಕೆ ಹೊಲ ಕೊಟ್ಟ ರೈತ ಹಾಲಿನ ಡೈರಿಯ ಸದಸ್ಯನಾಗಿದ್ದರೆ ಬೊಮ್ಮಸಂದ್ರದಲ್ಲಿ ಅವನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಆಗುತ್ತಿತ್ತು. ಅವನ ಹೊಲದ ಮೇಲೆದ್ದ ಕಾರ್ಖಾನೆಯಲ್ಲಿ ಜೀವ ಸವೆಸಿದ ಕಾರ್ಮಿಕನಿಗೆ ಆ ಅವಕಾಶ ಇರಲಿಲ್ಲ. ಎಮ್ಮೆ ಇಲ್ಲದವನು ಡೈರಿಯ ಸದಸ್ಯನಾಗುವುದೆಂತು? 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಲಾಯಿತು. 2022ರ ನವೆಂಬರ್‌ನಲ್ಲಿ ಮತ್ತೆ ಆರಂಭಿಸಿದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಎಂದಾಯಿತು.

ಇನ್ನು ಆ ಟೆಂಪೋದ ಹೆಣ್ಣುಮಕ್ಕಳು. ಅವರ ವಂತಿಗೆಯಿಂದ ಮುದುಕರ ಚಿಕಿತ್ಸೆ ನಡೆಯುತ್ತದೆ ಎಂದೆವಲ್ಲ, ಅವರೇ ಮುದುಕಿಯರಾದಾಗ ಏನು? ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಐವತ್ತೆಂಟರವರೆಗೆ ಉಳಿಯುವವರು ಬೆರಳೆಣಿಕೆಯಷ್ಟು. ನಲವತ್ತರ ಸುಮಾರಿಗೆ ಬೆನ್ನು ನೋವು, ಕಣ್ಣು ಮಂಜು, ಪಿ.ಎಫ್. ಹಣ ತೆಗೆದುಕೊಂಡು ಮನೆಗೆ. ಆ ಹಣವನ್ನೂ 58 ತುಂಬುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂದು ಕೇಂದ್ರ ಸರಕಾರ 2016ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿಯ ಬಳಿ ಸಾವಿರಾರು ಹೆಂಗಸರು ಇದೇ ಹೊಸೂರು ರಸ್ತೆಗೆ ಇಳಿದರು. ಅವರನ್ನು ಕರೆತಂದ ದೊಡ್ಡ ಸಂಘವೇನೂ ಇರಲಿಲ್ಲ. ಎರಡನೆಯ ದಿನ ಸಂಜೆಗೆ ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು. ದೊಡ್ಡ ಸಂಘಗಳಿಗೆ ವರ್ಷಗಟ್ಟಲೆ ಆಗದ್ದನ್ನು ಅವರು ಎರಡು ದಿನಗಳಲ್ಲಿ ಮಾಡಿದರು. ಆದರೆ ನಲವತ್ತಕ್ಕೆ ಕೆಲಸ ಬಿಟ್ಟವಳನ್ನು ಇ.ಎಸ್.ಐ. ನಿಯಮ 'ನಿವೃತ್ತೆ' ಎನ್ನುವುದಿಲ್ಲ. ಹದಿನೈದು ವರ್ಷ ವಂತಿಗೆ ಕಟ್ಟಿದ್ದರೂ 120 ರೂಪಾಯಿಯ ಕಾರ್ಡು ಅವಳಿಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ತಪ್ಪಾದೀತು. 2019ರ ಜುಲೈನಲ್ಲಿ ಇ.ಎಸ್.ಐ. ವಂತಿಗೆಯ ದರವನ್ನು ಇಳಿಸಲಾಯಿತು. ಮಾಲೀಕರ ಪಾಲು ಶೇ. 4.75ರಿಂದ 3.25ಕ್ಕೆ, ಕಾರ್ಮಿಕರ ಪಾಲು ಶೇ. 1.75ರಿಂದ 0.75ಕ್ಕೆ. ನಿಗಮದ ಬಳಿ ಹಣ ಮಿಕ್ಕಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಮಿಕ್ಕ ಹಣದಲ್ಲಿ, ಹಿಂದೆ ವಂತಿಗೆ ಕಟ್ಟಿ ಮಿತಿ ದಾಟಿದವರನ್ನೆಲ್ಲ ನಿವೃತ್ತಿಯ ನಂತರ ಮರಳಿ ಕರೆದುಕೊಳ್ಳಬಹುದಿತ್ತು ಎಂಬುದು ನಮ್ಮ ಅನಿಸಿಕೆ. ಹಾಗಾಗಲಿಲ್ಲ. ಐದು ವರ್ಷ ಕಳೆದು, 2024ರ ಫೆಬ್ರವರಿ 10ರಂದು, ನಿಗಮದ 193ನೆಯ ಸಭೆ ಅಂಥವರಲ್ಲಿ ಕೆಲವರಿಗೆ ಬಾಗಿಲು ತೆರೆಯಲು ಒಪ್ಪಿತು. ನಿವೃತ್ತಿಗೆ ಮೊದಲು ಕನಿಷ್ಠ ಐದು ವರ್ಷ ವಿಮೆಯ ವ್ಯಾಪ್ತಿಯ ಉದ್ಯೋಗದಲ್ಲಿದ್ದಿರಬೇಕು. 2012ರ ಏಪ್ರಿಲ್‌ನ ಈಚೆಗೂ ದುಡಿದಿರಬೇಕು. 2017ರ ಏಪ್ರಿಲ್ 1ರಂದು ಅಥವಾ ಆಮೇಲೆ ನಿವೃತ್ತನಾಗಿರಬೇಕು. ಆಗ ಅವನ ಸಂಬಳ 30,000 ರೂಪಾಯಿಯೊಳಗಿರಬೇಕು.

ಅದೇ ವರ್ಷದ ಅಕ್ಟೋಬರ್ 29ರಂದು ಬೊಮ್ಮಸಂದ್ರದ ಇ.ಎಸ್.ಐ. ಆಸ್ಪತ್ರೆಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ 46 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕಂತನ್ನು ತನ್ನನ್ನು ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲವೆಂದು ಕಂಪೆನಿಗಳಿಗೆ ಹೇಳಿತು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿ.ಎಸ್.ಟಿ. ಹೋಯಿತು. ಫಿಟ್ಟರ್ ಮನೆಯಲ್ಲಿ ಅದು ಸಣ್ಣ ಹಬ್ಬ. ಆದರೆ ವರ್ಷಕ್ಕೆ ಶೇ. 10ರಂತೆ ಏರಿದರೂ ಕಂತು ಎಂಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ ಎಂಬ ಲೆಕ್ಕವನ್ನು ಅವರು ಆಗಲೇ ಕಾಗದದ ಮೇಲೆ ಹಾಕಿಟ್ಟಿದ್ದರು. ಖಜಾಂಚಿ ಅಲ್ಲವೇ!

2024ರ ನಿರ್ಧಾರದ ಸುದ್ದಿ ಬಂದಾಗಲೂ ಅವರು ಪತ್ರಿಕೆಯ ತುಣುಕನ್ನು ಕತ್ತರಿಸಿಕೊಂಡು ಚಹಾ ಅಂಗಡಿಗೆ ಬಂದಿದ್ದರು. ಎರಡು ಸಲ ಓದಿದರು. 2017ರ ಏಪ್ರಿಲ್ 1. ಅವರು ನಿವೃತ್ತರಾದುದು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು. ತುಣುಕನ್ನು ಮಡಚಿ ಜೇಬಿಗಿಟ್ಟರು, ಎಸೆಯಲಿಲ್ಲ. ತಮ್ಮ ನಂತರ ನಿವೃತ್ತರಾದ ಕೆಲವರಿಗೆ ಅದು ಸಲ್ಲುತ್ತದೆ, ಅವರ ಹೆಸರುಗಳನ್ನು ಬರೆದುಕೊಳ್ಳಬೇಕು ಎಂದರು. ಈಗ ಆಗಸ್ಟ್ 2025ರಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಬಂದಿದೆ. ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ರಾಜಾಜಿನಗರ. ಕಳೆದ ಬಾರಿ ಸಾಬರ ಪತ್ನಿಯ ಕಣ್ಣಿನ ಪರೀಕ್ಷೆಗೆ ಮೂವರೂ ಒಟ್ಟಿಗೇ ಹೋದರು. ಸಾಬರಿಗೆ ಓದು ಬರಹ ಅಷ್ಟಕ್ಕಷ್ಟೆ. ಅರ್ಜಿ ತುಂಬಿದ್ದು, 120 ರೂಪಾಯಿಯ ರಸೀದಿಯನ್ನು ಜೋಪಾನ ಮಾಡಿದ್ದು ಫಿಟ್ಟರ್.